ಊಟ ಆದಮೇಲೆ ಇನ್ಸುಲಿನ್ 46 ಬಂದಿದೆ, ಇಂಜೆಕ್ಷನ್ ಬಿಡಬಹುದಾ?

ಹೇಮಾವತಿ_ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 54 ವರ್ಷ, ತೂಕ 46 ಕೆಜಿ, ಮೊದಲಿಂದಲೂ ಸಣ್ಣ ಮೈಕಟ್ಟು. ಶುಗರ್ ಬಂದು ತುಂಬಾ ವರ್ಷ ಆಯಿತು. ಮೊದಲು ಮಾತ್ರೆ ಇತ್ತು, ಈಗ ಎರಡು ಹೊತ್ತು ಇನ್ಸುಲಿನ್. ಹೊಸ ಡಾಕ್ಟರ್ ಒಬ್ಬರಿಗೆ ತೋರಿಸಿದೆವು. ಅವರು "ಇವರದು ಯಾವ ಟೈಪ್ ಅಂತ ಒಂದು ಸಲ ನೋಡಿಬಿಡೋಣ" ಅಂತ ಹೇಳಿ, ಚೀಟಿಯಲ್ಲಿ "ಸಿ-ಪೆಪ್ಟೈಡ್, ಊಟದ ನಂತರ, ಜೊತೆಗೆ ಶುಗರ್" ಅಂತ ಬರೆದುಕೊಟ್ಟರು.

ಲ್ಯಾಬ್ ಕೌಂಟರಿನವರು "ಅದು ಇಲ್ಲಿ ಆಗಲ್ಲ, ಇನ್ಸುಲಿನ್ ಮಾಡಿಕೊಡುತ್ತೇವೆ, ಎರಡೂ ಒಂದೇ" ಅಂದರು. ಅಮ್ಮ ಎಂದಿನಂತೆ ಇಂಜೆಕ್ಷನ್ ತಗೊಂಡು ಎರಡು ಇಡ್ಲಿ ತಿಂದರು. ರಿಪೋರ್ಟ್ ಹೀಗಿದೆ: ಖಾಲಿ ಹೊಟ್ಟೆಯಲ್ಲಿ ಶುಗರ್ 152, ಇನ್ಸುಲಿನ್ 17. ತಿಂದು ಎರಡು ಗಂಟೆ ಆದಮೇಲೆ ಶುಗರ್ 268, ಇನ್ಸುಲಿನ್ 46. ಪಕ್ಕದಲ್ಲಿ ನಾರ್ಮಲ್ 2.6ರಿಂದ 24.9 ಅಂತ ಅಚ್ಚಾಗಿದೆ.

ಮಾವ ನೋಡಿ "ಇನ್ಸುಲಿನ್ ಇರಬೇಕಾದ್ದಕ್ಕಿಂತ ಡಬಲ್ ಇದೆ, ಸುಮ್ನೆ ಯಾಕೆ ಚುಚ್ಚಿಕೊಳ್ಳುತ್ತೀಯಾ" ಅಂತ ಅಮ್ಮನ ತಲೆ ಕೆಡಿಸಿದ್ದಾರೆ. ಡಾಕ್ಟರ್ ಸಿಗುವುದು ಮುಂದಿನ ವಾರ. ಗೊತ್ತಿರುವವರು ಸ್ವಲ್ಪ ಹೇಳಿ.

ಕೀಟೋ_ಕಿಟ್ಟಿ:
ಲೆಕ್ಕ ಸುಲಭ. ಹೋಮಾ ಅಂತ ಒಂದು ಸೂತ್ರ ಇದೆ. ಖಾಲಿ ಹೊಟ್ಟೆಯ ಶುಗರ್ ಗುಣಿಸು ಇನ್ಸುಲಿನ್, ಭಾಗಿಸು 405. ನಿಮ್ಮಮ್ಮನದು 152 ಗುಣಿಸು 17, ಅಂದರೆ 6.4 ಬರುತ್ತದೆ. ಭಾರೀ ಇನ್ಸುಲಿನ್ ರೆಸಿಸ್ಟೆನ್ಸ್, ಅಂದರೆ ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಬಗ್ಗುತ್ತಿಲ್ಲ. ಇನ್ಸುಲಿನ್ ಜಾಸ್ತಿ ಇರುವವರಿಗೆ ಮತ್ತಷ್ಟು ಇನ್ಸುಲಿನ್ ಕೊಡುತ್ತಿದ್ದಾರೆ. ಮಾವ ಹೇಳಿದ್ದರಲ್ಲಿ ಅರ್ಥ ಇದೆ.

ಸೀರಮ್_ಸೀನಪ್ಪ:
ದಯವಿಟ್ಟು ಇಂಜೆಕ್ಷನ್ ನಿಲ್ಲಿಸಬೇಡಿ. ಮೊದಲು ಇದನ್ನು ಓದಿ, ಆಮೇಲೆ ಮಾವನಿಗೂ ಓದಿ ಹೇಳಿ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಲ್ಯಾಬ್‌ನಲ್ಲೇ ಇದ್ದೇನೆ. ಆ 46ರಲ್ಲಿ ಅಮ್ಮನ ಪ್ಯಾಂಕ್ರಿಯಾಸ್ (ಇನ್ಸುಲಿನ್ ಮಾಡುವ ಗ್ರಂಥಿ) ಮಾಡಿದ್ದು ಎಷ್ಟು, ಸಿರಿಂಜಿನಿಂದ ಒಳಗೆ ಹೋದದ್ದು ಎಷ್ಟು ಅಂತ ಲ್ಯಾಬಿನ ಮಾಮೂಲಿ ಮಷೀನು ಬೇರೆ ಮಾಡಿ ಹೇಳುವುದಿಲ್ಲ. ಬೆಳಿಗ್ಗೆ ಇಂಜೆಕ್ಷನ್ ತಗೊಂಡಿದ್ದಾರೆ, ಅದು ರಕ್ತದಲ್ಲಿ ಓಡಾಡುತ್ತಿದೆ, ಮಷೀನು ಅದನ್ನೇ ಹಿಡಿದಿರಬಹುದು. ಇನ್ನೂ ಒಂದು ಗೊಂದಲ ಇದೆ. ಈಗಿನ ಮಾರ್ಪಡಿಸಿದ ಇನ್ಸುಲಿನ್‌ಗಳನ್ನು ಕೆಲವು ಕಿಟ್‌ಗಳು ಪೂರ್ತಿ ಹಿಡಿಯುತ್ತವೆ, ಕೆಲವು ಹಿಡಿಯುವುದೇ ಇಲ್ಲ. ಅದೇ ರಕ್ತವನ್ನು ಇನ್ನೊಂದು ಲ್ಯಾಬಿಗೆ ಕಳಿಸಿದರೆ 46 ಬದಲು ಬೇರೆಯೇ ನಂಬರ್ ಬಂದರೂ ಆಶ್ಚರ್ಯ ಇಲ್ಲ. ವರ್ಷಗಟ್ಟಲೆ ಇಂಜೆಕ್ಷನ್ ತಗೊಂಡವರಲ್ಲಿ ಇನ್ಸುಲಿನ್ ವಿರುದ್ಧ ಆಂಟಿಬಾಡಿಯೂ ಹುಟ್ಟಿರಬಹುದು, ಅದೂ ಅಳತೆ ಕೆಡಿಸುತ್ತದೆ.

ಕಿಟ್ಟಿಯವರೇ, ಆ ಹೋಮಾ ಸೂತ್ರ 1985ರಲ್ಲಿ ಆಕ್ಸ್‌ಫರ್ಡ್‌ನವರು ಮಾಡಿದ್ದು. ಹೊರಗಿನ ಇನ್ಸುಲಿನ್ ಇಲ್ಲ, ರಕ್ತದಲ್ಲಿ ಇರುವುದೆಲ್ಲ ಸ್ವಂತದ್ದು ಅನ್ನುವ ಲೆಕ್ಕದ ಮೇಲೆ ಅದು ನಿಂತಿದೆ. ಇಂಜೆಕ್ಷನ್ ತಗೊಳ್ಳುವವರ ನಂಬರ್ ಹಾಕಿದರೆ 6.4 ಬರಬಹುದು, 64 ಕೂಡ ಬರಬಹುದು. ಎರಡಕ್ಕೂ ಅರ್ಥ ಇಲ್ಲ.

ಸಿ-ಪೆಪ್ಟೈಡ್ ಕೇಳುವುದು ಇದಕ್ಕೇ. ನಮ್ಮ ಪ್ಯಾಂಕ್ರಿಯಾಸ್ ಇನ್ಸುಲಿನ್ನನ್ನು ನೇರವಾಗಿ ಮಾಡುವುದಿಲ್ಲ. ಮೊದಲು ಪ್ರೋಇನ್ಸುಲಿನ್ ಅನ್ನುವ ಉದ್ದನೆಯ ಸರ ಮಾಡುತ್ತದೆ. ಅಮೆರಿಕದ ಡೊನಾಲ್ಡ್ ಸ್ಟೈನರ್ 1967ರಲ್ಲಿ ಅದನ್ನು ಕಂಡುಹಿಡಿದರು. ಅದನ್ನು ಕತ್ತರಿಸಿದಾಗ ಒಂದು ಇನ್ಸುಲಿನ್, ಒಂದು ಸಿ-ಪೆಪ್ಟೈಡ್ ಸಿಗುತ್ತವೆ. ಎಷ್ಟು ಇದೋ ಅಷ್ಟೇ ಅದು. ಸಿರಿಂಜಿನ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಆದ್ದರಿಂದ ರಕ್ತದಲ್ಲಿ ಅದು ಸಿಕ್ಕರೆ ಪೂರ್ತಿ ಅಮ್ಮನದೇ. ಜೊತೆಗೆ ಇನ್ಸುಲಿನ್‌ನಲ್ಲಿ ಸುಮಾರು ಅರ್ಧವನ್ನು ಲಿವರ್ ಮೊದಲ ಸುತ್ತಿನಲ್ಲೇ ಹೀರಿಕೊಳ್ಳುತ್ತದೆ, ಉಳಿದದ್ದೂ ಕೆಲವೇ ನಿಮಿಷದಲ್ಲಿ ಕರಗುತ್ತದೆ. ಸಿ-ಪೆಪ್ಟೈಡನ್ನು ಲಿವರ್ ಮುಟ್ಟುವುದಿಲ್ಲ, ಅರ್ಧ ಆಗಲು 20–30 ನಿಮಿಷ ಬೇಕು. ಅಳೆಯುವವರಿಗೆ ಎಷ್ಟು ಅನುಕೂಲ ನೋಡಿ.

"ಎರಡೂ ಒಂದೇ" ಅಂದ ಕೌಂಟರಿನವರ ಬಗ್ಗೆ ನಾನೇನೂ ಹೇಳುವುದಿಲ್ಲ. ನಮ್ಮ ವೃತ್ತಿಯ ಮರ್ಯಾದೆ. ಅಂದಹಾಗೆ ಪಕ್ಕದಲ್ಲಿ ಅಚ್ಚಾದ 2.6–24.9 ಖಾಲಿ ಹೊಟ್ಟೆಯದು. ಇಡ್ಲಿ ತಿಂದ ಮೇಲಿನ ನಂಬರನ್ನು ಅದರ ಪಕ್ಕ ಇಟ್ಟು ನೋಡುವುದೇ ತಪ್ಪು.

ಹೇಮಾವತಿ_ದಂಡೆ:
ತುಂಬಾ ಥ್ಯಾಂಕ್ಸ್ ಸೀನಪ್ಪನವರೇ. ಮಾವನಿಗೆ ಫಾರ್ವರ್ಡ್ ಮಾಡಿದ್ದೇನೆ. ಬೇರೆ ಲ್ಯಾಬ್ ಹುಡುಕಿ ಸಿ-ಪೆಪ್ಟೈಡ್ ಮಾಡಿಸುತ್ತೇವೆ. ಆದರೆ "ಊಟದ ನಂತರ" ಅಂದರೆ ಏನು ಊಟ? ಎಷ್ಟು ಹೊತ್ತಿಗೆ? ಲ್ಯಾಬಿಗೆ ಫೋನ್ ಮಾಡಿದರೆ "ಏನಾದರೂ ತಿಂದು ಬನ್ನಿ" ಅನ್ನುತ್ತಾರೆ.

ಒಪಿಡಿ_ಡಾಕ್ಟ್ರು:
ಇದಕ್ಕೆ ಎರಡು ಮಟ್ಟದ ಉತ್ತರ ಇದೆ.

ಸಂಶೋಧನೆಯವರು ಮಾಡುವುದನ್ನು ಮಿಕ್ಸೆಡ್ ಮೀಲ್ ಟೆಸ್ಟ್ ಅನ್ನುತ್ತಾರೆ. ರಾತ್ರಿಯಿಡೀ ಉಪವಾಸ. ಬೆಳಿಗ್ಗೆ ಶುಗರ್ 70ರಿಂದ 200ರ ಒಳಗಿದ್ದರೆ ಮಾತ್ರ ಶುರು. ಕೈಗೆ ಕ್ಯಾನುಲಾ (ರಕ್ತ ತೆಗೆಯಲು ನರಕ್ಕೆ ಕೂರಿಸುವ ಸಣ್ಣ ಕೊಳವೆ) ಹಾಕಿ, ಪಿಷ್ಟ, ಪ್ರೋಟೀನ್, ಕೊಬ್ಬು ಮೂರೂ ಇರುವ ಒಂದು ರೆಡಿಮೇಡ್ ಪಾನೀಯ ಕುಡಿಸುತ್ತಾರೆ. ತೂಕದ ಪ್ರತಿ ಕೆಜಿಗೆ 6 ಎಂಎಲ್, 360 ಎಂಎಲ್ ಮೀರುವ ಹಾಗಿಲ್ಲ. ನಿಮ್ಮಮ್ಮನ ಲೆಕ್ಕಕ್ಕೆ 276 ಎಂಎಲ್. ಐದು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಆಮೇಲೆ 15, 30, 60, 90, 120 ನಿಮಿಷಕ್ಕೆ ರಕ್ತ ತೆಗೆಯುತ್ತಾರೆ, ಕೆಲವು ಕಡೆ ನಾಲ್ಕು ಗಂಟೆವರೆಗೂ ಹೋಗುತ್ತದೆ. ಪ್ರತಿ ಸಲ ಶುಗರ್, ಸಿ-ಪೆಪ್ಟೈಡ್ ಎರಡೂ.

ಅಮೆರಿಕದ ಪ್ರಬಂಧಗಳಲ್ಲಿ ಆ ಪಾನೀಯದ ಹೆಸರು ಬೂಸ್ಟ್ ಅಂತ ಇರುತ್ತದೆ. ಒಬ್ಬ ಪಿಜಿ ಹುಡುಗ ಅದನ್ನು ಓದಿ ನಮ್ಮ ಅಂಗಡಿಯ ಬೂಸ್ಟ್ ಡಬ್ಬಿ ತಂದಿದ್ದ. ಹೆಸರು ಒಂದೇ, ಸಾಮಾನು ಬೇರೆ. ಅಲ್ಲಿನದು ಹೈ ಪ್ರೋಟೀನ್ ಬಾಟಲಿ. ಆ ಪ್ರಬಂಧಗಳ ಕಾಲದ 237 ಎಂಎಲ್ ಬಾಟಲಿಯಲ್ಲಿ ಸುಮಾರು 33 ಗ್ರಾಂ ಪಿಷ್ಟ, 15 ಗ್ರಾಂ ಪ್ರೋಟೀನ್, 6 ಗ್ರಾಂ ಕೊಬ್ಬು ಇತ್ತು. ನಮ್ಮದು ಹಾಲಿಗೆ ಬೆರೆಸುವ ಮಾಲ್ಟ್ ಪುಡಿ.

ಟೈಪ್ 1 (ಸ್ವಂತ ಇನ್ಸುಲಿನ್ ಬಹುಪಾಲು ನಿಂತುಹೋಗುವ ಬಗೆ) ಇರುವವರಲ್ಲಿ ಸಿ-ಪೆಪ್ಟೈಡ್ ಸಾಮಾನ್ಯವಾಗಿ 90ನೇ ನಿಮಿಷದ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಹಾಗಾಗಿ ಪೂರ್ತಿ ಟೆಸ್ಟ್ ಆಗದಿದ್ದರೆ ಆ ಒಂದು ಸ್ಯಾಂಪಲ್ ಆದರೂ ಬಹಳ ಹೇಳುತ್ತದೆ. ಗ್ಲುಕಗಾನ್ ಅನ್ನುವ ಹಾರ್ಮೋನನ್ನು 1 ಮಿಲಿಗ್ರಾಂ ನರಕ್ಕೆ ಕೊಟ್ಟು ಆರನೇ ನಿಮಿಷಕ್ಕೆ ರಕ್ತ ತೆಗೆಯುವ ಬೇರೆ ವಿಧಾನವೂ ಇದೆ. ಬೇಗ ಮುಗಿಯುತ್ತದೆ, ಆದರೆ ಹೊಟ್ಟೆ ತೊಳೆಸುತ್ತದೆ.

ಇನ್ನು ಒಪಿಡಿ ಮಟ್ಟ. ದಿನನಿತ್ಯದ ಚಿಕಿತ್ಸೆಗೆ ಇಷ್ಟೆಲ್ಲ ಬೇಡ. ಮಾಮೂಲಿ ಊಟ ಮಾಡಿ ಐದು ಗಂಟೆಯ ಒಳಗೆ ಒಂದು ಸಿ-ಪೆಪ್ಟೈಡ್, ಅದೇ ಚುಚ್ಚಿನಲ್ಲಿ ಶುಗರ್. 200 ಪಿಕೋಮೋಲ್‌ಗಿಂತ ಕಡಿಮೆ ಇದ್ದರೆ ಸ್ವಂತ ಇನ್ಸುಲಿನ್ ಹೆಚ್ಚುಕಡಿಮೆ ಬರಿದಾಗಿದೆ, ಟೈಪ್ 1 ಕಡೆ ವಾಲುತ್ತದೆ. 600 ಮೀರಿದರೆ ಟೈಪ್ 2 ಕಡೆ. ನಡುವೆ ಬಂದರೆ ಇನ್ನಷ್ಟು ಹುಡುಕಬೇಕು. ನಮ್ಮ ಲ್ಯಾಬ್‌ಗಳು ಬಹಳಷ್ಟು ನ್ಯಾನೋಗ್ರಾಂನಲ್ಲಿ ಬರೆಯುತ್ತವೆ. ಅದನ್ನು 331ರಿಂದ ಗುಣಿಸಿಕೊಳ್ಳಿ. ಅಂದರೆ 0.6 ಮತ್ತು 1.8 ನೆನಪಿಟ್ಟುಕೊಂಡರೆ ಸಾಕು.

ಶುಗರ್ ಜೊತೆಗೆ ಇರಲೇಬೇಕು. ಶುಗರ್ 60ಕ್ಕೆ ಇಳಿದಿದ್ದಾಗ ಪ್ಯಾಂಕ್ರಿಯಾಸ್ ತಾನಾಗಿಯೇ ಸುಮ್ಮನಿರುತ್ತದೆ. ಆಗ ಸಿ-ಪೆಪ್ಟೈಡ್ ಕಡಿಮೆ ಬಂದರೆ ಅದು ರೋಗ ಅಲ್ಲ, ಸರಿಯಾದ ನಡವಳಿಕೆ. ಹಾಗೆಯೇ ಶುಗರ್ ವಾರಗಟ್ಟಲೆ 400ರಲ್ಲಿ ಇದ್ದವರಿಗೆ ಆ ಸಕ್ಕರೆಯ ಹೊಡೆತಕ್ಕೇ ಉತ್ಪಾದನೆ ಕುಸಿದಿರುತ್ತದೆ. ಹತೋಟಿಗೆ ತಂದು ಮತ್ತೆ ನೋಡಬೇಕು.

ಟೆಸ್ಟಿನ ಬೆಳಿಗ್ಗೆ ಇಂಜೆಕ್ಷನ್ ಹೇಗೆ ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಇಲ್ಲಿ ಯಾರು ಹೇಳಿದರೂ ಕೇಳಬೇಡಿ, ನಾನು ಹೇಳಿದರೂ.

ಮುದ್ದೆ_ಮಹದೇವ:
ಡಾಕ್ಟ್ರೇ, ಒಂದು ಸಂಶಯ. ಆ ಬಾಟಲಿ ಕುಡಿದರೆ ನನ್ನ ಪ್ಯಾಂಕ್ರಿಯಾಸ್ ಏನು ಮಾಡುತ್ತದೆ ಅಂತ ತಿಳಿದು ನನಗೇನು ಬಂತು? ನಾನು ದಿನಾ ತಿನ್ನುವುದು ಮುದ್ದೆ, ಬಸ್ಸಾರು. ಟೈಪ್ 2, ಮೆಟ್‌ಫಾರ್ಮಿನ್ ಒಂದೇ ಮಾತ್ರೆ. ಮುದ್ದೆ ತಿಂದಾಗ ಇನ್ಸುಲಿನ್ ಎಷ್ಟು, ಅನ್ನ ತಿಂದಾಗ ಎಷ್ಟು, ಚಪಾತಿಗೆ ಎಷ್ಟು ಅಂತ ಅಳೆದರೆ ತಾನೇ ಉಪಯೋಗ?

ಒಪಿಡಿ_ಡಾಕ್ಟ್ರು:
ನೀವು ಕೇಳುತ್ತಿರುವುದು ಊಟದ ಬಗ್ಗೆ. ಟೆಸ್ಟ್ ಕೇಳುವುದು ನಿಮ್ಮ ಬಗ್ಗೆ. ಒಬ್ಬರ ಮನೆಯ ಮುದ್ದೆ 200 ಗ್ರಾಂ, ಇನ್ನೊಬ್ಬರದು 400. ಒಬ್ಬರು ನುಂಗುತ್ತಾರೆ, ಒಬ್ಬರು ಅಗಿಯುತ್ತಾರೆ. ಊರಿಗೊಂದು ಸೇರು ಇಟ್ಟುಕೊಂಡು ಭತ್ತ ಅಳೆದ ಹಾಗೆ ಆಗುತ್ತದೆ. ಇವತ್ತಿನ ನಿಮ್ಮ ನಂಬರನ್ನು ಎರಡು ವರ್ಷದ ನಂತರದ ನಿಮ್ಮದೇ ನಂಬರ್ ಜೊತೆ ಹೋಲಿಸಬೇಕಾದರೆ ಎರಡೂ ಸಲ ಹೊಟ್ಟೆಗೆ ಹೋದದ್ದು ಒಂದೇ ಆಗಿರಬೇಕು. ದ್ರವ ಕೊಡುವುದೂ ಅದಕ್ಕೇ. ಹೊಟ್ಟೆಯಿಂದ ಕರುಳಿಗೆ ಇಳಿಯುವ ವೇಗದಲ್ಲಿ ಏರುಪೇರು ಕಡಿಮೆ.

ಮುದ್ದೆಯೋ ಅನ್ನವೋ ಅಂತ ನೋಡಲು ಇನ್ಸುಲಿನ್ ಯಾಕೆ ಅಳೆಯಬೇಕು? ಗ್ಲುಕೋಮೀಟರ್ ಸಾಕು. ತಿನ್ನುವ ಮೊದಲು ಒಂದು, ಎರಡು ಗಂಟೆಗೆ ಒಂದು. ಸಿಜಿಎಂ (ಮೈಗೆ ಅಂಟಿಸಿ ಸತತವಾಗಿ ಶುಗರ್ ನೋಡುವ ಸಾಧನ) ಹಾಕಿಸಿಕೊಳ್ಳುವ ಅನುಕೂಲ ಇದ್ದರೆ ಇನ್ನೂ ಚೆನ್ನ.

ಮುದ್ದೆ_ಮಹದೇವ:
ಸಿಜಿಎಂ ಹಾಕಿಸಿ ನೋಡಿದ್ದೇನೆ. ನುಣ್ಣಗೆ ಜರಡಿ ಹಿಡಿದ ಹಿಟ್ಟಿನ ದೊಡ್ಡ ಮುದ್ದೆಗೆ 240 ಹತ್ತಿತು. ಅದರ ಅರ್ಧದಷ್ಟು ಮುದ್ದೆ, ಜಾಸ್ತಿ ಸೊಪ್ಪು ಕಾಳು, ಅದೂ ಸೊಪ್ಪು ಕಾಳು ಮೊದಲು ತಿಂದರೆ 180ರಲ್ಲಿ ನಿಂತಿತು. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವವರು ಒಂದು ಸಲ ಚುಚ್ಚಿ ನೋಡಲಿ.

ಒಪಿಡಿ_ಡಾಕ್ಟ್ರು:
ಪ್ರಮಾಣ ಅರ್ಧ ಮಾಡಿದ್ದೀರಿ, ಕ್ರಮವನ್ನೂ ಬದಲಿಸಿದ್ದೀರಿ. ಯಾವುದರಿಂದ ಎಷ್ಟು ಇಳಿಯಿತು ಅಂತ ಹೇಳಲು ಆಗುವುದಿಲ್ಲ, ಆದರೂ ಕ್ರಮದ ಮಾತಿಗೆ ಆಧಾರ ಇದೆ. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದ 11 ಜನರಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ಒಂದು ಸಲ ಬ್ರೆಡ್ಡು, ಜ್ಯೂಸ್ ಮೊದಲು. ಇನ್ನೊಂದು ಸಲ ಕೋಳಿ, ತರಕಾರಿ ಮೊದಲು. ಎರಡನೆಯದರಲ್ಲಿ ಒಂದು ಗಂಟೆಯ ಶುಗರ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆ ಇತ್ತು. ಇನ್ಸುಲಿನ್ ಕೂಡ ಕಡಿಮೆ ಇತ್ತು. ಅಂದರೆ ಪ್ಯಾಂಕ್ರಿಯಾಸ್ ಜಾಸ್ತಿ ದುಡಿದು ಇಳಿಸಿದ್ದಲ್ಲ. ಇಂಥ ಪ್ರಶ್ನೆಗೆ ಇನ್ಸುಲಿನ್ ಅಳೆಯುವುದು ಬೇಕಾಗುತ್ತದೆ. ಅದು ಸಂಶೋಧಕರ ಕೆಲಸ. 11 ಜನ ಅನ್ನುವುದನ್ನೂ ಮರೆಯಬೇಡಿ, ಸಣ್ಣ ಅಧ್ಯಯನ.

ಕೀಟೋ_ಕಿಟ್ಟಿ:
ಇಂಜೆಕ್ಷನ್ ವಿಷಯ ಸೀನಪ್ಪನವರು ಹೇಳಿದ್ದು ಒಪ್ಪಿದೆ. ಆದರೆ ಇಂಜೆಕ್ಷನ್ ಇಲ್ಲದವರ ಕಥೆ ಬೇರೆ ಅಲ್ವಾ? ಶಿಕಾಗೋದ ಡಾಕ್ಟರ್ ಜೋಸೆಫ್ ಕ್ರಾಫ್ಟ್ 14 ಸಾವಿರಕ್ಕಿಂತ ಜಾಸ್ತಿ ಜನರಿಗೆ ಗ್ಲೂಕೋಸ್ ಕುಡಿಸಿ, ಗಂಟೆಗಟ್ಟಲೆ ಕೂರಿಸಿ, ಶುಗರ್ ಜೊತೆ ಇನ್ಸುಲಿನ್ನೂ ಅಳೆದರು. ಶುಗರ್ ನಾರ್ಮಲ್ ಇದ್ದವರಲ್ಲೂ ಎಷ್ಟೋ ಜನರಿಗೆ ಇನ್ಸುಲಿನ್ ವಿಪರೀತ ಏರಿ, ಇಳಿಯದೆ ನಿಂತಿತ್ತು. ಶುಗರ್ ಕೆಡುವುದು ಕೊನೆಗೆ. ಮೊದಲೇ ಇನ್ಸುಲಿನ್ ನೋಡಿದರೆ ಹತ್ತು ವರ್ಷ ಮುಂಚೆ ಗೊತ್ತಾಗುತ್ತದೆ. ಡಾಕ್ಟರುಗಳು ಯಾಕೆ ಬರೆಯುವುದಿಲ್ಲ?

ಸೀರಮ್_ಸೀನಪ್ಪ:
ಕ್ರಾಫ್ಟ್ ಕೆಲಸದ ಬಗ್ಗೆ ನನಗೆ ಗೌರವ ಇದೆ. ಈ ವಿಚಾರ ಅವರಿಗಿಂತಲೂ ಹಳೆಯದು. ನ್ಯೂಯಾರ್ಕಿನಲ್ಲಿ ರೊಸಾಲಿನ್ ಯಾಲೋ, ಸಾಲೊಮನ್ ಬರ್ಸನ್ ಇಬ್ಬರೂ ಸೇರಿ ರಕ್ತದ ಇನ್ಸುಲಿನ್ ಅಳೆಯುವ ವಿಧಾನ ಮಾಡಿದ್ದು 1960ರ ಹೊತ್ತಿಗೆ. ದೊಡ್ಡವರಾದ ಮೇಲೆ ಶುಗರ್ ಬಂದವರಲ್ಲಿ ಇನ್ಸುಲಿನ್ ಇಲ್ಲವೇ ಇಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾಗ, ಗ್ಲೂಕೋಸ್ ಕುಡಿಸಿ ನೋಡಿದರೆ ಬೇಕಾದಷ್ಟು ಇತ್ತು. ಯಾಲೋಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಬರೆಯದಿರುವ ಕಾರಣ ಲ್ಯಾಬ್ ಕಡೆಯಿಂದ ಹೇಳುತ್ತೇನೆ. ಶುಗರ್ 126 ಅಂದರೆ ಹಾಸನದಲ್ಲೂ 126, ಹ್ಯಾಂಬರ್ಗ್‌ನಲ್ಲೂ ಹೆಚ್ಚುಕಡಿಮೆ 126. ಇನ್ಸುಲಿನ್ ಹಾಗಲ್ಲ. ಒಂದು ಕಂಪನಿಯ ಕಿಟ್‌ಗೂ ಇನ್ನೊಂದಕ್ಕೂ ತಾಳೆ ಆಗುವುದಿಲ್ಲ. ಇದಕ್ಕಿಂತ ಮೇಲಾದರೆ ರೋಗ ಅನ್ನುವ, ಎಲ್ಲರೂ ಒಪ್ಪಿದ ಗೆರೆ ಇಲ್ಲ. ರಕ್ತ ತೆಗೆಯುವಾಗ ಕಣ ಒಡೆದು ಸೀರಮ್ ಕೆಂಪಾಯಿತೋ, ಕೆಂಪು ಕಣದೊಳಗಿನ ಕಿಣ್ವ ಇನ್ಸುಲಿನ್ನನ್ನು ತಿಂದುಹಾಕುತ್ತದೆ, ನಂಬರ್ ಸುಳ್ಳೇ ಕಡಿಮೆ ಬರುತ್ತದೆ. ನೀವು ಅದನ್ನು ನೋಡಿ ಕೀಟೋ ಪಥ್ಯ ಕೆಲಸ ಮಾಡಿತು ಅಂತ ಖುಷಿ ಪಡುತ್ತೀರಿ.

ಒಪಿಡಿ_ಡಾಕ್ಟ್ರು:
ಇನ್ನೊಂದು ಮಾತು. ಇನ್ಸುಲಿನ್ ಏರಿತು ಅಂದ ಕೂಡಲೇ ಕೆಟ್ಟದ್ದು ಅಂತ ಅಲ್ಲ. ಸಿಡ್ನಿ ವಿಶ್ವವಿದ್ಯಾಲಯದವರು 1997ರಲ್ಲಿ 38 ಆಹಾರಗಳನ್ನು ಸಮಾನ ಕ್ಯಾಲರಿ ಲೆಕ್ಕದಲ್ಲಿ ಆರೋಗ್ಯವಂತರಿಗೆ ತಿನ್ನಿಸಿ ಇನ್ಸುಲಿನ್ ಅಳೆದರು. ಬಿಳಿ ಬ್ರೆಡ್ 100 ಅಂತ ಇಟ್ಟುಕೊಂಡರೆ ಮೀನು 59, ದನದ ಮಾಂಸ 51. ಪಿಷ್ಟವೇ ಇಲ್ಲದ ಮಾಂಸಕ್ಕೂ ಇಷ್ಟು! ಸಿಹಿ ಹಾಕಿದ ಮೊಸರು ಶುಗರ್ ಏರಿಸಿದ್ದು ಸಾಧಾರಣ, ಇನ್ಸುಲಿನ್ ಏರಿಸಿದ್ದು ಬ್ರೆಡ್ಡಿಗಿಂತ ಜಾಸ್ತಿ. ಇಸ್ರೇಲಿನಲ್ಲಿ 2014ರಲ್ಲಿ ಟೈಪ್ 2 ಇರುವವರಿಗೆ ತಿಂಡಿಗೆ ಮುಂಚೆ ಹಾಲಿನ ವೇ ಪ್ರೋಟೀನ್ ಕುಡಿಸಿದರು. ಇನ್ಸುಲಿನ್ ದುಪ್ಪಟ್ಟಾಯಿತು, ಶುಗರ್ ಕಡಿಮೆ ಏರಿತು. ಬೇಗ ಬಂದ ಇನ್ಸುಲಿನ್ ಇಲ್ಲಿ ಉಪಕಾರವನ್ನೇ ಮಾಡಿತು. ಟೈಪ್ 2ರಲ್ಲಿ ಮೊದಲು ಕೈಕೊಡುವುದು ಊಟದ ಆರಂಭದ ಆ ಮೊದಲ ಉಕ್ಕು. ಆಮೇಲೆ ಶುಗರ್ ಏರಿ, ಪ್ಯಾಂಕ್ರಿಯಾಸ್ ತಡವಾಗಿ ಜಾಸ್ತಿ ಸುರಿಯುತ್ತದೆ. ಎರಡು ಗಂಟೆಯ ಒಂದೇ ನಂಬರ್ ನೋಡಿದವರಿಗೆ ಆ ತಡ ಕಾಣುವುದಿಲ್ಲ, ಜಾಸ್ತಿ ಅನ್ನುವುದು ಮಾತ್ರ ಕಾಣುತ್ತದೆ.

ಕೀಟೋ_ಕಿಟ್ಟಿ:
ಸರಿ, ಒಂದೇ ನಂಬರ್ ಸಾಲದು ಅನ್ನುವುದು ಒಪ್ಪಿದೆ. ಐದು ನಂಬರ್ ತೆಗೆದುಕೊಳ್ಳಲಿ ಅನ್ನುವುದೇ ನನ್ನ ವಾದ. ನಾನು ಬಿಡುವುದಿಲ್ಲ.

ಎಡಿಸನ್_ಅಮ್ಮ:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಟೈಪ್ 1. ಪತ್ತೆಯಾದ ಹೊಸದರಲ್ಲಿ ಒಂದು ಅಧ್ಯಯನಕ್ಕೆ ಸೇರಿಸಿದ್ದೆವು, ಅಲ್ಲಿ ಈ ಟೆಸ್ಟ್ ಮಾಡಿದರು. ನೋಡಿದ್ದನ್ನು ಹೇಳುತ್ತೇನೆ.

ಬೆಳಿಗ್ಗೆ ಬೇಗ ಹೋಗಬೇಕು. ಕೈ ಬೆಚ್ಚಗೆ ಮಾಡಿ ಕ್ಯಾನುಲಾ ಹಾಕಿದರು. ಅದೊಂದೇ ಚುಚ್ಚು, ಆಮೇಲೆ ಅದರಿಂದಲೇ ರಕ್ತ. ಗೆರೆ ಇರುವ ಲೋಟದಲ್ಲಿ ಪಾನೀಯವನ್ನು ಅಳೆದು ಕೊಟ್ಟರು. ವೆನಿಲಾ ರುಚಿ, ಗಟ್ಟಿ, ತಣ್ಣಗೆ. ಇವನು ಅರ್ಧ ಕುಡಿದು ಮುಖ ಸಿಂಡರಿಸಿದ. ನರ್ಸ್ ಗಡಿಯಾರ ನೋಡುತ್ತಾ ನಿಂತಿದ್ದಳು, ಪೂರ್ತಿ ಕುಡಿಯದಿದ್ದರೆ ಟೆಸ್ಟ್ ಲೆಕ್ಕಕ್ಕಿಲ್ಲ. ಪ್ರತಿ ಸಲ ಮೊದಲು ಸ್ವಲ್ಪ ರಕ್ತ ಎಳೆದು ಪಕ್ಕಕ್ಕಿಟ್ಟು, ಆಮೇಲೆ ಟ್ಯೂಬಿಗೆ. ಟ್ಯೂಬನ್ನು ಕೂಡಲೇ ಐಸ್ ಪೆಟ್ಟಿಗೆಗೆ. ಓಡಾಡುವ ಹಾಗಿಲ್ಲ, ನೀರು ಬಿಟ್ಟು ಬೇರೇನೂ ಇಲ್ಲ. ಬೇಗ ಕೆಲಸ ಮಾಡುವ ಇನ್ಸುಲಿನ್ ಅವರು ಹೇಳಿದ ಮೇಲೆಯೇ. ನನಗೆ ಕಷ್ಟ ಆದದ್ದು ಅದು. ಸಿಜಿಎಂ ಬಾಣ ಮೇಲಕ್ಕೇ ಹೋಗುತ್ತಿದೆ, 300 ದಾಟಿತು, ನಾನು ಕೈ ಕಟ್ಟಿ ಕೂರಬೇಕು. ಮುಗಿದ ತಕ್ಷಣ ಇನ್ಸುಲಿನ್ ಕೊಟ್ಟು, ಇಳಿಯುವವರೆಗೂ ಅಲ್ಲೇ ಕೂರಿಸಿಕೊಂಡರು.

ಸಿ-ಪೆಪ್ಟೈಡ್ ಇನ್ನೂ ಸ್ವಲ್ಪ ಬರುತ್ತಿತ್ತು. ಆ "ಸ್ವಲ್ಪ"ಕ್ಕೆ ಎಷ್ಟು ಬೆಲೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಒಪಿಡಿ_ಡಾಕ್ಟ್ರು:
ಬೆಲೆ ಗೊತ್ತಾದದ್ದು ಡಿಸಿಸಿಟಿ ಅನ್ನುವ ದೊಡ್ಡ ಅಧ್ಯಯನದಿಂದ. 1441 ಜನ, ಎಲ್ಲರೂ ಟೈಪ್ 1, 1993ರಲ್ಲಿ ಮುಗಿಯಿತು. ಪಾನೀಯ ಕುಡಿದಾಗ ಸಿ-ಪೆಪ್ಟೈಡ್ 0.2 ನ್ಯಾನೋಮೋಲ್, ಅಂದರೆ ಅದೇ 200 ಪಿಕೋಮೋಲ್, ಅದಕ್ಕಿಂತ ಜಾಸ್ತಿ ಬರುತ್ತಿದ್ದವರಿಗೆ ಕಣ್ಣಿನ ತೊಂದರೆ ಕಡಿಮೆ, ಶುಗರ್ ವಿಪರೀತ ಇಳಿದು ಪ್ರಜ್ಞೆ ತಪ್ಪುವುದೂ ಕಡಿಮೆ. ಟೈಪ್ 1 ಹೊಸದಾಗಿ ಪತ್ತೆಯಾದವರಲ್ಲಿ ಉಳಿದ ಸ್ವಂತ ಇನ್ಸುಲಿನ್ ಕಾಪಾಡುವ ಔಷಧಿ ಬಂದರೆ ಅದನ್ನು ಅಳೆಯುವುದು ಹೆಚ್ಚಾಗಿ ಇದರಲ್ಲೇ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಪ್ಲಿಝುಮ್ಯಾಬನ್ನು ಹೊಸದಾಗಿ ಪತ್ತೆಯಾದ ಮಕ್ಕಳಿಗೆ ಕೊಟ್ಟು ನೋಡಿದಾಗಲೂ ಮುಖ್ಯ ಅಳತೆ ಊಟದ ನಂತರದ ಸಿ-ಪೆಪ್ಟೈಡೇ ಆಗಿತ್ತು. ಬಾಸ್ಟನ್ನಿನ ಜೋಸ್ಲಿನ್ ಡಯಾಬಿಟಿಸ್ ಕೇಂದ್ರದವರು 50 ವರ್ಷ ಟೈಪ್ 1 ಜೊತೆ ಬದುಕಿದವರನ್ನು ಪರೀಕ್ಷಿಸಿದರೆ, ಅವರಲ್ಲೂ ಎಷ್ಟೋ ಜನರಿಗೆ ಚೂರುಪಾರು ಉಳಿದಿತ್ತು.

ಮಂಡಿ_ಮೊಹಲ್ಲಾ:
ಮೈಸೂರಿನ ಹೆಸರು ಯಾರೂ ಎತ್ತಲಿಲ್ಲವಲ್ಲ! ನಮ್ಮ ಬೀದಿ ಪಕ್ಕದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಈಗಲೂ ಮಿಷನ್ ಆಸ್ಪತ್ರೆ ಅನ್ನುತ್ತಾರೆ, 1930ರ ದಶಕದಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಎಲ್ಲ ಬರೆದಿಟ್ಟಿದ್ದರು. ಅಂಥ 506 ಜನರನ್ನು ದೊಡ್ಡವರಾದ ಮೇಲೆ ಹುಡುಕಿ ಗ್ಲೂಕೋಸ್ ಕುಡಿಸಿ ಪರೀಕ್ಷೆ ಮಾಡಿದರು. ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರ ಆ ಪ್ರಬಂಧ ಬಂದದ್ದು 1998ರಲ್ಲಿ. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಮಕ್ಕಳಿಗೆ ಮುಂದೆ ಶುಗರ್ ಜಾಸ್ತಿ ಅಂತ ಕಂಡಿತ್ತು. ಮೈಸೂರಿನಲ್ಲಿ ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ ಜಾಸ್ತಿ ಕಂಡಿತು. ಅಂಥವರಿಗೆ 30ನೇ ನಿಮಿಷದ ಇನ್ಸುಲಿನ್ ಏರಿಕೆಯೂ ಕಡಿಮೆ. ಡಾಕ್ಟ್ರು ಹೇಳಿದ "ಮೊದಲ ಉಕ್ಕು" ಅದೇ ತಾನೇ?

ಒಪಿಡಿ_ಡಾಕ್ಟ್ರು:
ಹೌದು, ಅದೇ. ಒಳ್ಳೆಯದನ್ನು ನೆನಪಿಸಿದಿರಿ. ನಮ್ಮವರ ಟೈಪ್ 2ರಲ್ಲಿ ರೆಸಿಸ್ಟೆನ್ಸ್ ಜೊತೆ ಕೊರತೆಯೂ ಸೇರಿರುತ್ತದೆ ಅನ್ನುವುದು ಈಗ ಹೆಚ್ಚು ಸ್ಪಷ್ಟವಾಗಿದೆ. ಚೆನ್ನೈನ ಮೋಹನ್, ಅಂಜನಾ ಅವರ ತಂಡ 2020ರಲ್ಲಿ 19 ಸಾವಿರಕ್ಕಿಂತ ಜಾಸ್ತಿ ಟೈಪ್ 2 ರೋಗಿಗಳನ್ನು ನಾಲ್ಕು ಗುಂಪು ಮಾಡಿತು. ಖಾಲಿ ಹೊಟ್ಟೆಯ ಮತ್ತು ಪ್ರಚೋದಿಸಿದ ಸಿ-ಪೆಪ್ಟೈಡ್ ಎರಡನ್ನೂ ಲೆಕ್ಕಕ್ಕೆ ತಗೊಂಡಿತು. ಕೊರತೆ, ರೆಸಿಸ್ಟೆನ್ಸ್ ಎರಡೂ ಇರುವ ಗುಂಪು ಅಲ್ಲಿ ಬೇರೆಯಾಗಿಯೇ ಎದ್ದು ಕಂಡಿತು.

ತೀರಾ ಸಣಕಲು ಇರುವವರಲ್ಲಿ ಇನ್ನೊಂದು ಬಗೆಯೂ ಇದೆ. ವೆಲ್ಲೂರು ಸಿಎಂಸಿಯವರು ನ್ಯೂಯಾರ್ಕಿನವರ ಜೊತೆ 2022ರಲ್ಲಿ ತೋರಿಸಿದರು. ಚಿಕ್ಕಂದಿನಿಂದ ಹೊಟ್ಟೆಗಿಲ್ಲದೆ ಬೆಳೆದವರಲ್ಲಿ ಇನ್ಸುಲಿನ್ ಉತ್ಪಾದನೆ ಕಡಿಮೆ, ಆದರೆ ಟೈಪ್ 1ರಷ್ಟು ಬರಿದಲ್ಲ, ರೆಸಿಸ್ಟೆನ್ಸೂ ಇಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ ಇದನ್ನು ಟೈಪ್ 5 ಅಂತ ಒಪ್ಪಿಕೊಂಡಿತು. 46 ಕೆಜಿ ಅಂದ ಕೂಡಲೇ ಇದೇ ಅಂತ ಅಲ್ಲ. ಸಣ್ಣಗಿರುವವರಿಗೆ ಈ ಟೆಸ್ಟ್ ಬರೆಯುವುದು ಯಾಕೆ ಅಂತ ಹೇಳಿದೆ ಅಷ್ಟೇ.

ಹೇಮಾವತಿ_ದಂಡೆ:
ರಿಪೋರ್ಟ್ ಬಂತು. ತಿಂಡಿ ತಿಂದು ಒಂದೂವರೆ ಗಂಟೆಗೆ ಸಿ-ಪೆಪ್ಟೈಡ್ 1.1, ಶುಗರ್ 231. 331ರಿಂದ ಗುಣಿಸಿದರೆ 364. ನಡುವೆ ಸಿಕ್ಕಿಕೊಂಡಿದ್ದೇವೆ. ಟೈಪ್ 1 ಹೌದಾ ಅಂತ ನೋಡಲು ಡಾಕ್ಟರ್ ಜಿಎಡಿ ಆಂಟಿಬಾಡಿ ಟೆಸ್ಟ್ ಬರೆದಿದ್ದಾರೆ. ಹೊಟ್ಟೆಯ ಸ್ಕ್ಯಾನೂ ಹೇಳಿದ್ದಾರೆ, ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು ಇದೆಯಾ ಅಂತ ನೋಡಲು. ಇಂಜೆಕ್ಷನ್ ನಿಲ್ಲಿಸುವ ಮಾತೇ ಇಲ್ಲ, ಡೋಸ್ ಮಾತ್ರ ಬದಲಿಸಿದರು. ಮಾವ ಈಗ "364 ಇದೆಯಲ್ಲ, ಕಡಿಮೆಯೇನಲ್ಲ" ಅನ್ನುತ್ತಿದ್ದಾರೆ.

ಕಿಡ್ನಿ ಟೆಸ್ಟಿನಲ್ಲಿ ಅಮ್ಮನ ಕ್ರಿಯಾಟಿನಿನ್ 1.6 ಇದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸೀರಮ್_ಸೀನಪ್ಪ:
ಇದೆ. ಈ ಮಾತನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಸಿ-ಪೆಪ್ಟೈಡನ್ನು ಹೊರಹಾಕುವುದು ಮುಖ್ಯವಾಗಿ ಕಿಡ್ನಿ. ಕಿಡ್ನಿ ನಿಧಾನವಾದರೆ ಅದು ರಕ್ತದಲ್ಲೇ ಉಳಿದು ನಂಬರ್ ಜಾಸ್ತಿ ತೋರಿಸುತ್ತದೆ. ಹಾಗಾಗಿ ನಿಜವಾದ ಉತ್ಪಾದನೆ 364 ತೋರಿಸುವುದಕ್ಕಿಂತ ಕಡಿಮೆ ಇರಬಹುದು. ಮಾವನಿಗೆ ಇದನ್ನೂ ಫಾರ್ವರ್ಡ್ ಮಾಡಿ. ಊಟದ ನಂತರದ ಮೂತ್ರದಲ್ಲಿ ಸಿ-ಪೆಪ್ಟೈಡ್ ನೋಡುವ ಟೆಸ್ಟೂ ಇದೆ, ಇಂಗ್ಲೆಂಡಿನ ಎಕ್ಸೆಟರ್‌ನವರು ಬಳಕೆಗೆ ತಂದದ್ದು. ಆದರೆ ಕಿಡ್ನಿ ತೊಂದರೆ ಇರುವವರಲ್ಲಿ ಅದನ್ನೂ ನೆಚ್ಚುವ ಹಾಗಿಲ್ಲ.

ಮತ್ತೆ ಮಾಡಿಸುವ ಹಾಗಿದ್ದರೆ ಎರಡು ವಿಷಯ. ಕೂದಲು ಉದುರುವುದಕ್ಕೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಕೆಲವು ಮಷೀನುಗಳ ಲೆಕ್ಕವನ್ನು ಅದು ಕೆಡಿಸುತ್ತದೆ. ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಆಗುತ್ತದಾ ಅಂತ ಕೇಳಿ. ಅದರಲ್ಲಿ ಸಿ-ಪೆಪ್ಟೈಡ್ ಒಂದು ದಿನ ಹೊರಗಿದ್ದರೂ ಕೆಡುವುದಿಲ್ಲ. ಮಾಮೂಲಿ ಸೀರಮ್ ಟ್ಯೂಬ್ ಆದರೆ ಬೇಗ ಬೇರ್ಪಡಿಸಿ ತಣ್ಣಗೆ ಇಡಬೇಕು, ಕೊರಿಯರ್ ಚೀಲದಲ್ಲಿ ಅದು ಆಗುತ್ತದೆ ಅನ್ನುವ ನಂಬಿಕೆ ನನಗಿಲ್ಲ.